ಬರೆದುಕೊಟ್ಟ ಇಚ್ಛೆಯಂತೆ

ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಕಾರು ಬ್ಯಾಡಗಿಯ ಕಡೆ ಹೊರಳಿದ ಕೂಡಲೇ ಸಮೀರ ಹಲಗೇರಿಯ ಮೂಗಿಗೆ ಮೆಣಸಿನಕಾಯಿ ಹತ್ತಿತು. ಮಾರುಕಟ್ಟೆಯಲ್ಲಿ ಚೀಲ ಬಿಚ್ಚುವ ಕಾಲ. ಊರು ಇನ್ನೂ ದೂರವಿರುವಾಗಲೇ ಗಾಳಿಗೆ ಖಾರ ಬಂದಿರುತ್ತದೆ. ಊರವರಿಗೆ ಅದರ ಪರಿವೆಯಿಲ್ಲ, ಬಂದ ಬೀಗರು ಸೀನಿದರೆ ನಗುತ್ತಾರೆ. ಸಮೀರ ಸೀನಲಿಲ್ಲ. ಇಪ್ಪತ್ತಾರು ವರ್ಷ ಜಲಾಂತರ್ಗಾಮಿಗಳಲ್ಲಿ ದುಡಿದವನು ಸೀನನ್ನು ಅರ್ಧಕ್ಕೇ ಹಿಡಿದು ನುಂಗುವುದನ್ನು ಕಲಿತಿದ್ದ. ನೀರಿನ ಕೆಳಗೆ ಸದ್ದು ಬಹುದೂರ ಹೋಗುತ್ತದೆ. ಅಡುಗೆಯವನ ಕೈಯಿಂದ ಒಂದು ಸೌಟು ಜಾರಿದರೆ ಐವತ್ತು ಜನ ತಿರುಗಿ ನೋಡುವ ಸಂಸಾರ ಅದು. ಅಂಥ ಸಂಸಾರದಿಂದ ಕಮಾಂಡರನಾಗಿ ನಿವೃತ್ತನಾಗಿ ಬಂದು ಹಾವೇರಿಯ ಬಸ್ ಸ್ಟ್ಯಾಂಡಿನ ಹಿಂದೆ ಮನೆ ಮಾಡಿದ್ದ, ಅಲ್ಲಿ ಮುಂಜಾನೆ ಐದಕ್ಕೇ ಕಂಡಕ್ಟರುಗಳು ಹುಬ್ಬಳ್ಳಿ ಹುಬ್ಬಳ್ಳಿ ಎಂದು ಜಗತ್ತಿಗೆಲ್ಲ ಸಾರುತ್ತಾರೆ. ಹೋದ ವರ್ಷ ಕರ್ಜಗಿಯ ಸಾಲೆಯವರು ಸ್ವಾತಂತ್ರ್ಯ ದಿನಕ್ಕೆ ಕರೆದು ಹಾರ ಹಾಕಿದಾಗ ಒಬ್ಬ ಹುಡುಗಿ, ಕಿಡಕಿಯಾಗಿಂದ ಮೀನು ಕಾಣ್ತಾವೇನ್ರಿ ಸರ್ ಎಂದು ಕೇಳಿದ್ದಳು. ಕಿಡಕಿ ಇರುವುದಿಲ್ಲ ಎಂದು ಅವನು ಖರೇ ಹೇಳಿದ್ದ. ಇಡೀ ಸಾಲೆಯ ಮುಖ ಇಳಿದುಹೋಗಿತ್ತು. ಹೆಡ್ ಮಾಸ್ತರರ ಮುಖವೂ. ಖರೇ ಹೇಳುವುದರಲ್ಲಿ ತನಗೆ ಒಳ್ಳೆಯ ಅಭ್ಯಾಸವಿದೆ, ಕಿಡಕಿಯ ವಿಷಯ ಬಂದಾಗ, ಎಂದು ಅವನಿಗೆ ಈಗ ಅನ್ನಿಸಿತು.

ನಿನ್ನೆ ಸಂಜೆ ಅಕ್ಕ ಪದ್ಮಾಬಾಯಿ ಫೋನು ಮಾಡಿದ್ದಳು. "ಸಮ್ಯಾ, ದಿಲ್ಲಿಯಿಂದ ಪತ್ರ ಬಂದದ. ಒಡದಿಲ್ಲ ನಾ. ಒಡದರೂ ಏನು, ಈ ಕಣ್ಣಿಲೆ ಏನ ಕಾಣ್ತದ? ನಾಳೆ ರಾಣೆಬೆನ್ನೂರ ದವಾಖಾನಿಗೆ ಹೆಂಗೂ ಹೋಗೂದದ. ನೀ ಓದಿ ಹೇಳು." ಪತ್ರದಲ್ಲಿ ಏನಿರಬಹುದು ಎನ್ನುವುದು ಅವನಿಗೆ ಗೊತ್ತಿತ್ತು. ಭೂಮಿಯ ಮೇಲೆ ಅದು ಗೊತ್ತಿದ್ದವನು ಬಹುಶಃ ಅವನೊಬ್ಬನೇ, ಪತ್ರ ಬರೆದ ಗುಮಾಸ್ತನನ್ನು ಬಿಟ್ಟರೆ.

ಇಪ್ಪತ್ತೊಂದು ವರ್ಷದ ಹಿಂದೆ ಅವ್ವ ಬ್ಯಾಡಗಿಯಲ್ಲಿ, ಈ ಅಕ್ಕನ ಮನೆಯಲ್ಲಿ ತೀರಿಕೊಂಡಾಗ ಸಮೀರ ಸಮುದ್ರದ ತಳದಲ್ಲಿದ್ದ. ಸುದ್ದಿಯ ತಾರು ನೌಕಾನೆಲೆಗೆ ಮುಟ್ಟಿದರೂ ಅವನಿಗೆ ಮುಟ್ಟಲಿಲ್ಲ. ಭಾವ ಅಣ್ಣಾಜಿ ಮಗನ ಜಾಗದಲ್ಲಿ ನಿಂತು ಕೊಳ್ಳಿ ಇಟ್ಟ. ಆ ತಾರನ್ನು ತಡೆದವನು ಯಾರು, ಅವನ ಹೆಸರೇನು ಎನ್ನುವುದು ಅಂದಿನಿಂದ ಪದ್ಮಾಬಾಯಿಯ ಒಂದೇ ಪ್ರಶ್ನೆ. ಮೂವತ್ತೆರಡು ವರ್ಷ ಕನ್ನಡ ಸಾಲೆಯಲ್ಲಿ ಕಲಿಸಿದವಳು; ಉತ್ತರ ಬರದ ಪ್ರಶ್ನೆಯನ್ನು ಕರೀ ಫಳಿಯ ಮೇಲಿಂದ ಒರೆಸುವ ಪೈಕಿ ಅಲ್ಲ. ಅಣ್ಣಾಜಿ ಹಾವೇರಿ ಕೋರ್ಟಿನಲ್ಲಿ ವಕೀಲರ ಗುಮಾಸ್ತನಾಗಿದ್ದವನು, ಬದುಕಿರುವತನಕ ಹೆಂಡತಿಗೆ ಅರ್ಜಿ ಬರೆದುಕೊಟ್ಟ. ಮಂತ್ರಿಗಳಿಗೆ, ದೊಡ್ಡ ದೊಡ್ಡ ಅಡ್ಮಿರಲ್‌ಗಳಿಗೆ. ಒಬ್ಬ ಅಡ್ಮಿರಲ್ ದೀಪಾವಳಿಯ ಶುಭಾಶಯ ಕಳಿಸಿದ್ದ, ಅರ್ಜಿಗೂ ಅದಕ್ಕೂ ಸಂಬಂಧವಿರಲಿಲ್ಲ. ಭಾವ ಹೋದ ಮೇಲೆ ಆಕೆ ಮಾಹಿತಿ ಹಕ್ಕಿನ ದಾರಿ ಹಿಡಿದಳು. "ಹೆಸರು ತಗೊಂಡು ಏನ್ ಮಾಡಾಕಿ ಅಕ್ಕಾ?" ಎಂದು ಸಮೀರ ಒಮ್ಮೆ ನಗುತ್ತಲೇ ಕೇಳಿದ್ದ. "ಅವ್ವನ ಶ್ರಾದ್ಧದ ದಿವಸ ಹೆಸರ ಹಿಡದು ಒಂದ ಮಾತ ಬೈತೀನಿ. ಹೆಸರಿಲ್ಲದ ಬೈದ್ರ ಯಾರಿಗೆ ಹತ್ತಬೇಕದು?"

ಬ್ಯಾಡಗಿಯ ಮನೆಯ ಮುಂದೆ ಕಾರು ನಿಂತಾಗ ಅಕ್ಕ ಬಾಗಿಲಿಗೆ ಕೀಲಿ ಹಾಕಿ ಕಟ್ಟೆಯ ಮೇಲೆ ಕುಳಿತೇ ಇದ್ದಳು. ಕಪ್ಪು ಕನ್ನಡಕ, ಇಳಕಲ್ ಸೀರೆ, ತೊಡೆಯ ಮೇಲೆ ಕೈಚೀಲ. ಮೂರು ವಾರದ ಹಿಂದೆ ಎಡಗಣ್ಣಿನ ಪೊರೆ ತೆಗೆಸಿದ್ದಾಗಿತ್ತು. ಬಲಗಣ್ಣು ಬಾಕಿ.

"ಹತ್ತು ನಿಮಿಷ ತಡಾ ಮಾಡಿದಿ. ಹಿಂಗ ಹಡಗಾ ನಡಸ್ತಿದ್ದಿ?"

"ಲಾರಿ ಅಡ್ಡ ನಿಂತಿದ್ವು, ಅಕ್ಕಾ."

"ಸಮುದ್ರದಾಗ ಲಾರಿ ಇರೂದಿಲ್ಲ ನೋಡು, ಅದಕ್ಕ ನಿನಗ ರೂಢಿ ಇಲ್ಲ." ಸೀಟಿನ ಮೇಲೆ ಕುಳಿತು ಕೈಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಪತ್ರ ಇದರಾಗದ. ಈಗ ಬ್ಯಾಡ, ಗಾಡಿ ನಡಸು. ದವಾಖಾನ್ಯಾಗ ಹೆಂಗೂ ತಾಸಗಟ್ಟಲೆ ಕೂಡಸ್ತಾರ."

ರಾಣೆಬೆನ್ನೂರಿನ ದಾರಿಯುದ್ದಕ್ಕೂ ಆ ಚೀಲ ಅವನ ಮೊಣಕೈಯಿಂದ ಒಂದು ಗೇಣು ದೂರದಲ್ಲಿತ್ತು. ಎರಡು ತಿಂಗಳ ಹಿಂದೆ ಅದೇ ಕಚೇರಿಯಿಂದ ಅವನಿಗೂ ಒಂದು ಕಾಗದ ಬಂದಿತ್ತು: ಪದ್ಮಾಬಾಯಿ ಎಂಬವರು ನಿಮಗೆ ಸಂಬಂಧಿಸಿದ ಮಾಹಿತಿ ಕೇಳಿದ್ದಾರೆ, ಕೊಡುವುದಕ್ಕೆ ನಿಮ್ಮ ಆಕ್ಷೇಪವಿದೆಯೇ? ಇದೆ ಎಂದು ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಾಗದ ನಾಲ್ಕು ದಿನ ಮೇಜಿನ ಮೇಲೆ ಬಿದ್ದಿತ್ತು. ಹೆಂಡತಿ ರಂಜನಾ ಮಗಳ ಬಾಣಂತನಕ್ಕೆ ಪುಣೆಗೆ ಹೋಗಿದ್ದಳು. ಕೇಳುವುದಕ್ಕೆ ಯಾರೂ ಇರಲಿಲ್ಲ, ಇದ್ದರೂ ಕೇಳುತ್ತಿರಲಿಲ್ಲ. ಐದನೆಯ ದಿನ, ಆಕ್ಷೇಪವಿಲ್ಲ ಎಂದು ಬರೆದು ಸಹಿ ಹಾಕಿ ಅಂಚೆಗೆ ಹಾಕಿದ. ಆಮೇಲೆ ಒಂದು ಬಗೆಯ ಹಗುರ. ಇಪ್ಪತ್ತೊಂದು ವರ್ಷ ತನ್ನ ಬಾಯಿಂದ ಹೊರಡದ ಮಾತನ್ನು ಸರಕಾರ ಮೊಹರು ಹಾಕಿ ರಿಜಿಸ್ಟರ್ ಅಂಚೆಯಲ್ಲಿ ಹೇಳುತ್ತದೆ, ಅಕ್ಕ ಒಬ್ಬಳೇ ಕುಳಿತು ಓದುತ್ತಾಳೆ, ಅಳುತ್ತಾಳೆ, ಫೋನಿನಲ್ಲಿ ಬೈಯುತ್ತಾಳೆ, ಬೈಗುಳಕ್ಕೂ ತನಗೂ ನಡುವೆ ಇಪ್ಪತ್ತೈದು ಕಿಲೋಮೀಟರು ಇರುತ್ತದೆ. ಇಷ್ಟನ್ನೆಲ್ಲ ನಕಾಶೆ ಹಾಕಿದವನು ಆಕೆಯ ಕಣ್ಣನ್ನು ಮರೆತಿದ್ದ. ಆಪರೇಶನ್ನಿನ ತಾರೀಖು ಗೊತ್ತುಮಾಡಿಕೊಟ್ಟವನೂ ತಾನೇ. ಸಮುದ್ರದಲ್ಲಿ ಇಂಥ ಲೆಕ್ಕ ತಪ್ಪಿಸಿದ್ದರೆ ಬಂಡೆಗೆ ಹೋಗಿ ಬಡಿಯುತ್ತಿದ್ದ.

ಯಾನಕ್ಕೆ ಹೊರಡುವ ಮುಂಚಿನ ದಿನ ಹಡಗಿನಲ್ಲಿ ಒಂದು ಚೀಟಿ ಹಂಚುವ ರೂಢಿಯಿತ್ತು. ಅದರ ಮೇಲೆ ಅಚ್ಚಾದದ್ದು ಇಷ್ಟು: ಯಾನದ ನಡುವೆ ಮನೆಯಲ್ಲಿ ಅಹಿತವಾದರೆ ನನಗೆ ತಿಳಿಸಬೇಕು, ತಿಳಿಸಬಾರದು, ಬೇಡವಾದದ್ದನ್ನು ಹೊಡೆದುಹಾಕಿ. ತಿಳಿಸಿದರೂ ಹಡಗು ತಿರುಗಿ ಬರುವುದಿಲ್ಲ, ನೀರೊಳಗಿನಿಂದ ಮರುಮಾತು ಕಳಿಸುವಂತಿಲ್ಲ. ಬರುವ ಸುದ್ದಿ ಬರುತ್ತದೆ, ಹೋಗುವುದು ಯಾವುದೂ ಇಲ್ಲ. ಚೀಟಿಗಳನ್ನು ಕೂಡಿಸಿ ನೆಲೆಯ ಕಚೇರಿಗೆ ಒಪ್ಪಿಸುವುದು ಹಡಗಿನ ಎರಡನೆಯ ಅಧಿಕಾರಿಯ ಕೆಲಸ, ಮತ್ತು ಆ ವರ್ಷ ಎರಡನೆಯ ಅಧಿಕಾರಿ ಸಮೀರನೇ. ಮಡಚಿ ಕೊಡಬೇಕಾದ ಚೀಟಿಗಳು. ಆದರೂ ಕೆಲವರು ಬಿಚ್ಚಿಯೇ ಕೊಡುತ್ತಿದ್ದರು. ಎಂಜಿನ್ ಕೋಣೆಯ ಮಲಂಗಸಾಬ ಎರಡನ್ನೂ ಹೊಡೆದುಹಾಕಿ ಕೆಳಗೆ, ಮಗ ಹುಟ್ಟಿದರೆ ಹೇಳಿ, ಮಾವ ಸತ್ತರೆ ಬೇಡ ಎಂದು ಬರೆದಿದ್ದ. ಎಲ್ಲರದೂ ಆದ ಮೇಲೆ ಸಮೀರ ತನ್ನದನ್ನು ಬರೆದ. ಮೂರು ದಿನದ ಹಿಂದಷ್ಟೇ ಅಕ್ಕ ಫೋನಿನಲ್ಲಿ, "ಅವ್ವ ನಿನ್ನ ಭಾಳ ನೆನಸ್ಲಿಕತ್ತಾಳ, ಎರಡ ದಿವಸ ಬಂದು ಮಾರಿ ತೋರ್ಸಿ ಹೋಗು" ಎಂದಿದ್ದಳು. "ಬಿಡವಲ್ರು ಅಕ್ಕಾ" ಎಂದಿದ್ದ. ಯಾರೂ ಬಿಡದೆ ಇರಲಿಲ್ಲ. ಅವನು ಕೇಳಿರಲಿಲ್ಲ. ಹಲಗೇರಿಯನ್ನು ಹ್ಯಾಲಿ ಮಾಡಿದ್ದ ಕ್ಯಾಪ್ಟನ್ ತಾನಾಗಿಯೇ, ಹ್ಯಾಲಿ, ಮನೆಯಲ್ಲಿ ಎಲ್ಲ ಕ್ಷೇಮವೇ, ಎಂದು ಕೇಳಿದಾಗ ಕ್ಷೇಮ ಎಂದಿದ್ದ. ಆ ಯಾನ ಮುಗಿಸಿ ಬಂದರೆ ಸ್ವಂತ ಹಡಗು ನಡೆಸುವ ತರಬೇತಿಗೆ ಹೆಸರು ಹೋಗುವುದಿತ್ತು. ತಪ್ಪಿದರೆ ಮತ್ತೆರಡು ವರ್ಷ. ಅವ್ವನ ಕಾಲು ಬಾತಿದ್ದು, ಉಚ್ಚೆ ಕಟ್ಟಿದ್ದು ಎಲ್ಲ ಗೊತ್ತಿದ್ದೂ ಅವನು ಸ್ಕೇಲು ಹಿಡಿದು, ತಿಳಿಸಬೇಕು ಎನ್ನುವುದರ ಮೇಲೆ ನೆಟ್ಟಗೆ ಗೆರೆ ಎಳೆದ. ದುಃಖದಲ್ಲಿರುವ ಎರಡನೆಯ ಅಧಿಕಾರಿ ಐವತ್ತು ಜೀವಕ್ಕೆ ಅಪಾಯ. ತಿಳಿದು ಮಾಡುವುದೇನೂ ಇಲ್ಲ. ಕಾರಣಗಳೆಲ್ಲ ಸರಿಯಾಗಿದ್ದವು. ಇಪ್ಪತ್ತೊಂದು ವರ್ಷದಲ್ಲಿ ಅವನು ಎಷ್ಟು ಸಲ ತಿರುವಿ ನೋಡಿದರೂ ಒಂದು ಕಾರಣವೂ ತಪ್ಪು ಎಂದು ಸಿಗಲಿಲ್ಲ. ಸಿಕ್ಕಿದ್ದರೆ ಬಹುಶಃ ಎಂದೋ ಹೇಳಿಬಿಡುತ್ತಿದ್ದ.

"ಯಾಕ ಇಷ್ಟ ಸಾವಕಾಶ ಹೊಂಟಿ?" ಎಂದಳು ಅಕ್ಕ. "ಎಮ್ಮಿ ಮುಂದ ಹೋದ್ವು ನೋಡು."

ದವಾಖಾನೆಯ ಪಡಸಾಲೆಯಲ್ಲಿ ಸ್ಟೀಲಿನ ಕುರ್ಚಿಗಳ ಸಾಲು, ಸಾಲಿನ ತುಂಬ ಕಣ್ಣು ಮುಚ್ಚಿಕೊಂಡ ಮುದುಕರು. ದುರುಗೇಶ ಎಂಬ ಕಂಪೌಂಡರ್ ಹತ್ತು ನಿಮಿಷಕ್ಕೊಮ್ಮೆ ಬಂದು ಒಬ್ಬೊಬ್ಬರ ತಲೆ ಹಿಂದಕ್ಕೆ ಬಾಗಿಸಿ ಔಷಧದ ಹನಿ ಬಿಡುತ್ತಿದ್ದ. "ಕಣ್ಣ ತೆಗೀಬ್ಯಾಡ್ರಿ. ನಾ ಹೇಳೂಮಟಾ ತೆಗೀಬ್ಯಾಡ್ರಿ. ಯಜಮಾನ್ರ, ನೀವು ಇಣಿಕಿ ನೋಡಾಕತ್ತೀರಿ, ನನಗ ಕಾಣತೈತಿ." ಹೆಸರು ಬರೆಸುವ ಕಿಟಕಿಯಲ್ಲಿ ಕುಳಿತ ಹುಡುಗಿ, ಜೋಡಿ ಬಂದವರ ಹೆಸರು, ಉದ್ಯೋಗ ಎಂದಳು. ಸಮೀರ ಹಲಗೇರಿ, ನೌಕಾದಳ, ನಿವೃತ್ತ ಎಂದ. ಆಕೆ ಒಂದು ಗಳಿಗೆ ಯೋಚಿಸಿ, ಕೃಷಿ ಎಂದು ಬರೆದುಕೊಂಡಳು. ಸಾಲಿನಲ್ಲಿ ಅಕ್ಕನ ಆಚೆಗೆ ಕುಳಿತಿದ್ದ ಮುದುಕಿ ಮಾತ್ರ ಹೆಸರಿಗೆ ಕಿವಿಗೊಟ್ಟಿದ್ದಳು. ಗುತ್ತೆವ್ವ ಎಂದು ಅವಳ ಹೆಸರು. ಸೊಸೆ ಸುಶ್ಮಿತಾ ಔಷಧ ತರಲು ಹೋದವಳು ಇನ್ನೂ ಬಂದಿರಲಿಲ್ಲ.

"ಹಲಗೇರಿ ಅಂದ್ರಿ? ನಂದೂ ಹಲಗೇರಿರೀ. ನಮ್ಮೂರಾಗ ಯಾರ ಮನಿಯವ್ರ ನೀವು?"

"ನಮ್ಮ ಮುತ್ತಜ್ಜನ ಕಾಲಕ್ಕ ಬಿಟ್ಟದ್ದರೀ ಊರು," ಎಂದ ಸಮೀರ.

"ಊರ ಬಿಟ್ಟು ಹೆಸರ ಒಯ್ದೀರಿ," ಎಂದಳು ಗುತ್ತೆವ್ವ ಕಣ್ಣು ಮುಚ್ಚಿಕೊಂಡೇ, ಯಾವ ಸಿಟ್ಟೂ ಇಲ್ಲದೆ.

ದುರುಗೇಶ ಪದ್ಮಾಬಾಯಿಯ ಎರಡೂ ಕಣ್ಣಿಗೆ ಹನಿ ಬಿಟ್ಟು ಹೋದ. ಮುಚ್ಚಿದ ರೆಪ್ಪೆಯ ಅಂಚಿನಿಂದ ಔಷಧ ಕೆನ್ನೆಗೆ ಇಳಿಯಿತು. ಆಕೆ ಒರೆಸಿಕೊಳ್ಳಲಿಲ್ಲ, ಚೀಲದೊಳಗೆ ಕೈಹಾಕಿ ಲಕೋಟೆ ತೆಗೆದು ಅವನಿದ್ದ ದಿಕ್ಕಿಗೆ ಚಾಚಿದಳು. "ಓದು. ತಡೀಬ್ಯಾಡ."

ಲಕೋಟೆ ದಪ್ಪಗಿತ್ತು, ಒಳಗಿದ್ದದ್ದು ಒಂದೇ ಹಾಳೆ. ನಾಲ್ಕು ಪರಿಚ್ಛೇದ, ಇಂಗ್ಲಿಷು. ಮೊದಲನೆಯದು ಅರ್ಜಿಯ ಸಂಖ್ಯೆ. ಎರಡನೆಯದು ಆಗಿನ ದಾಖಲೆಗಳಲ್ಲಿ ಬಹಳಷ್ಟನ್ನು ನಿಯಮದಂತೆ ನಾಶಪಡಿಸಲಾಗಿದೆ ಎನ್ನುವ ವಿವರ. ಇಲ್ಲಿ ಅವನ ಎದೆ ಒಮ್ಮೆ ಹಾರಿತು, ಅದು ಆಸೆಯಿಂದ ಎಂದು ಗೊತ್ತಾಗಿ ನಾಚಿಕೆಯಾಯಿತು. ಮೂರನೆಯದು ಒಂದೇ ವಾಕ್ಯ. ಲಭ್ಯವಿರುವ ನೋಂದಣಿಯ ಪ್ರಕಾರ ಸಂದೇಶ ಅದೇ ದಿನ ನೆಲೆಗೆ ತಲುಪಿದ್ದು, ಸದರಿ ಅಧಿಕಾರಿ ಯಾನಕ್ಕೆ ಮುನ್ನ ಬರೆದುಕೊಟ್ಟ ಇಚ್ಛೆಯಂತೆ ಅದನ್ನು ತಡೆಹಿಡಿಯಲಾಗಿತ್ತು. ನಾಲ್ಕನೆಯದು, ಈ ಉತ್ತರ ಸಮಾಧಾನಕರವಲ್ಲದಿದ್ದರೆ ಮೂವತ್ತು ದಿನದೊಳಗೆ ಮೇಲ್ಮನವಿ. ಮೂರನೆಯದನ್ನು ಬಿಟ್ಟು ಎರಡರಿಂದ ನಾಲ್ಕಕ್ಕೆ ಹೋದರೆ ಯಾರಿಗೂ ತಿಳಿಯುವುದಿಲ್ಲ. ಕಾಗದ ನಾಶವಾಗಿದೆ ಅಕ್ಕಾ, ಹೆಸರು ಸಿಗೂದಿಲ್ಲ. ಆಕೆ ಒಂದು ನಿಟ್ಟುಸಿರು ಬಿಟ್ಟು ಬಲಗಣ್ಣಿನ ಮಾತಿಗೆ ಹೋಗುತ್ತಾಳೆ.

ಹಡಗಿನಲ್ಲಿ ಹದಿನಾಲ್ಕನೆಯ ದಿನಕ್ಕೆ ಅರ್ಧ ದಾರಿಯ ಸಿಹಿ ಎಂದು ಶಿರಾ ಮಾಡುತ್ತಿದ್ದರು. ಆಮೇಲೆ ದಾಖಲೆ ತೆಗೆದು ಕೂಡಿಸಿ ನೋಡಿದ್ದ: ಮಂಗಳವಾರ, ಸಂಜೆ ನಾಲ್ಕೂ ನಲವತ್ತು. ಅವ್ವನ ಉಸಿರು ನಿಂತಾಗ ಅವನು ಶಿರಾದ ಎರಡನೆಯ ಬಟ್ಟಲು ಕೇಳುತ್ತಿದ್ದ. ಯಾನ ಮುಗಿದು ದಂಡೆಗೆ ಬಂದ ದಿನ ಮೂರು ತಾರುಗಳನ್ನು ಒಟ್ಟಿಗೇ ಕೈಯಲ್ಲಿಟ್ಟರು, ಕೆಟ್ಟದ್ದು ಮೇಲಿತ್ತು. ಬ್ಯಾಡಗಿಗೆ ಬಂದಾಗ ಮುಖದ ಮೇಲೆ ಇಪ್ಪತ್ತಾರು ದಿನದ ಗಡ್ಡ. ನೀರು ಉಳಿಸಲೆಂದು ಹಡಗಿನಲ್ಲಿ ಯಾರೂ ಕ್ಷೌರ ಮಾಡುವುದಿಲ್ಲ, ಸ್ನಾನವೂ ಇಲ್ಲ. ಓಣಿಯವರು ಅದನ್ನು ದುಃಖದ ಗಡ್ಡ ಎಂದುಕೊಂಡು ದಾರಿ ಬಿಟ್ಟರು. ಭಾವನ ಬೋಳಿಸಿದ ತಲೆಯ ಮೇಲೆ ಆಗಲೇ ಕೂದಲು ಮೂಡಿತ್ತು. "ಹೇಳಲೇ ಇಲ್ಲೇನೋ ನಿನಗ, ಆ ಪಾಪಿಗಳು?" ಎಂದು ಅಕ್ಕ ಅವನನ್ನು ಅಪ್ಪಿಕೊಂಡು ಅತ್ತಾಗ ಅವನು ಇಲ್ಲ ಎಂದು ತಲೆಯಾಡಿಸಿದ. ಅದು ಖರೇನೇ ಆಗಿತ್ತು. ಆಮೇಲೆ ಹಿತ್ತಲಲ್ಲಿ ಕೂಡಿಸಿ ಸೂತಕದ ಸ್ನಾನಕ್ಕೆ ತಲೆಯ ಮೇಲೆ ಬಿಸಿನೀರು ಸುರಿದರು, ಕೊಡದ ಮೇಲೆ ಕೊಡ, ಡೀಸೆಲ್ಲಿನ ವಾಸನೆ ಹಂಡೆಯ ನೀರಿನ ಜೊತೆ ಬಚ್ಚಲಿಗೆ ಹರಿಯಿತು. ಇಪ್ಪತ್ತಾರು ದಿನದ ಮೇಲೆ ಮೈಗೆ ನೀರು ಬಿದ್ದು ಎಂಥ ಸುಖವಾಯಿತೆಂದರೆ ಅವನು ಇನ್ನೊಂದು ಕೊಡ ಎಂದು ಕೇಳಿದ್ದ. ಅಕ್ಕ ಅಳುತ್ತಲೇ ಸುರಿದಿದ್ದಳು.

"ಏನ್ ಬರದಾರ?" ಎಂದಳು ಪದ್ಮಾಬಾಯಿ. "ಮನಸಿನ್ಯಾಗ ಓದ್ಕೋಬ್ಯಾಡ. ಕನ್ನಡದಾಗ ಹೇಳು."

"ಕಾಗದಾ ಭಾಳ ನಾಶ ಆಗ್ಯಾವಂತ, ಅಕ್ಕಾ."

"ಆಗ್ಲಿ. ಮುಂದ?"

ಮುಂದೆ. ಆಕೆ ಮಕ್ಕಳಿಗೆ ಪಾಠ ಒಪ್ಪಿಸಲು ಹೇಳುವ ದನಿಯಲ್ಲೇ ಹೇಳಿದ್ದಳು. ಗಲ್ಲ ಸ್ವಲ್ಪ ಮೇಲೆತ್ತಿ, ಕಣ್ಣು ಮುಚ್ಚಿ, ಕೆನ್ನೆಯ ಮೇಲೆ ಔಷಧದ ಗೆರೆ. ಎಪ್ಪತ್ತು ಸಮೀಪಿಸಿದ ಮುಖ. ಕುರುಡು ನಂಬಿಕೆ ಎಂದು ಜನ ಸುಮ್ಮನೆ ಅನ್ನುತ್ತಾರೆ, ಅದು ಹೀಗೆ ಎದುರಿಗೆ ಕುಳಿತರೆ ನೋಡುವುದು ಕಷ್ಟ.

"ತಾರು ಅವತ್ತ ಮುಟ್ಟಿತ್ತಂತ," ಎಂದ. ತನ್ನ ದನಿ ತನಗೇ ಸಣ್ಣದಾಗಿ ಕೇಳಿಸಿತು. "ತಡದದ್ದು ಯಾಕಂದ್ರ, ಅಧಿಕಾರಿ ತಾನ ಬರದು ಕೊಟ್ಟಿದ್ದನಂತ. ಮನಿಯಾಗ ಏನರೆ ಆದ್ರ ಹೇಳಬ್ಯಾಡ್ರಿ ಅಂತ."

"ಯಾವ ಅಧಿಕಾರಿ? ಹೆಸರ ಅದ ಏನು?"

"ನಾನು."

ಸಮೀರ ಕಾಗದವನ್ನು ಮಡಚಿದ ಗೆರೆಯ ಮೇಲೆಯೇ ಮತ್ತೆ ಮಡಚಿದ.

"ನಾ ಬರದಿದ್ದೆ, ಅಕ್ಕಾ. ಹೊಂಟ ಹಿಂದಿನ ದಿವಸ ಎಲ್ಲಾರೂ ಬರದು ಕೊಡೂದಿರ್ತದ. ಹೇಳ್ರಿ ಅಂತ ಬರೀಬಹುದಿತ್ತು. ನಾ ಬ್ಯಾಡ ಅಂತ ಬರದೆ. ರಜಾನೂ ಕೇಳಿರ್ಲಿಲ್ಲ. ಬಿಡವಲ್ರು ಅಂದಿದ್ನಲ್ಲಾ ಫೋನಿನ್ಯಾಗ, ಅದು ಸುಳ್ಳು. ಕೇಳಿದ್ರ ಬಿಡ್ತಿದ್ರು."

ಮೊದಲು ಮಾತಾಡಿದವಳು ಗುತ್ತೆವ್ವ. "ಹೇಳಬ್ಯಾಡ ಅಂದ್ರ ಹೇಳೂದಿಲ್ಲೇನು ಅವ್ರು? ಹಡದ ತಾಯಿ ಸತ್ತದ್ದು! ಎಂಥಾ ಮಂದಿನವ್ವಾ. ಬ್ಯಾಡ ಬ್ಯಾಡ ಅಂದವ್ರಿಗೇ ಅಲ್ಲೇನು ನಾವು ಕೂಡಿಸಿ ಉಣ್ಣಾಕ ನೀಡೂದು?"

"ನೀವ ಸುಮ್ನಿರ್ರಿ ಒಂಚೂರು," ಎಂದಳು ಪದ್ಮಾಬಾಯಿ. ಆಮೇಲೆ, ಅವನ ಕಡೆ ತಿರುಗದೆ, ಎದುರಿನ ಗೋಡೆಗೆ ಹೇಳುವಂತೆ: "ಸುಳ್ಳ ಬರದಾರ ಅವ್ರು."

"ಇಲ್ಲ ಅಕ್ಕಾ. ನಾನ..."

"ಸುಳ್ಳು. ನಿನ್ನ ಕಡಿಂದ ಈಗ ಹಿಂಗ ಅನ್ಸಲಿಕತ್ತಾರ. ಪೆನ್ಶನ್ನಿನ ಅಂಜಿಕಿ ನಿನಗ."

ಅವನಿಗೆ ನಗು ಬಂತು, ನುಂಗಿಕೊಂಡ. "ಅಕ್ಕಾ, ಖರೇ ಹೇಳ್ಲಿಕತ್ತೇನಿ. ಇಪ್ಪತ್ತೊಂದು ವರ್ಷದಾಗ ಒಮ್ಮಿನೂ..."

"ನಾ ಅವ್ವಗ ಏನ್ ಹೇಳೀನಿ, ಗೊತ್ತದೇನು ನಿನಗ?" ಆಕೆಯ ದನಿ ಏರಲಿಲ್ಲ, ಇನ್ನೂ ಇಳಿಯಿತು. "ಕಡೀ ಎರಡ ದಿವಸ ಬಾಯಾಗ ನೀರ ಇಳೀತಿದ್ದಿಲ್ಲ. ಸಮ್ಯಾ ಯಾಕ ಬರವಲ್ಲ, ಸಮ್ಯಾ ಯಾಕ ಬರವಲ್ಲ, ಅದೊಂದೇ. ನಿಮ್ಮ ಭಾವ ಹೇಳಿದ್ರು, ಏನರೆ ಹೇಳು, ಸಮಾಧಾನ ಆಗ್ಲಿ ಅಕಿಗೆ ಅಂತ. ನಾ ಹೇಳ್ದೆ. ಅವ್ವಾ, ಅವನ್ನ ಹಡಗದಾಗ ಹಾಕಿ ಬಾಗಲಾ ಮುಚ್ಚ್ಯಾರ. ಒಳಗಿಂದ ಬಡೀಲಿಕತ್ತಾನ. ತೆಗೀರಿ, ನಮ್ಮವ್ವನ ಕಡೆ ಹೋಗ್ತೀನಿ ಅಂತ ಅಳ್ಲಿಕತ್ತಾನ. ಅವ್ರು ತೆಗೀವಲ್ರು. ಅಷ್ಟ ಹೇಳಿದ ಮ್ಯಾಲೆ ಕೇಳೂದು ಬಿಟ್ಲು. ಮರುದಿವ್ಸ ಮಧ್ಯಾನ್ಹ ನನ್ನ ಕೈ ಹಿಡದು, ಕೇಳಸ್ತದಲೇ ಪದ್ದಿ, ಬಾಗಲಾ ಬಡೀಲಿಕತ್ತಾನ ನೋಡು ಅಂದ್ಲು. ಹೂಂ ಅವ್ವಾ, ಕೇಳಸ್ತದ ಅಂದೆ. ಪಾಪ, ಕೈ ನೋಯ್ತಾವು ಅವಂಗ, ಸಾಕಂತ ಹೇಳು ಅಂದ್ಲು. ಆಮ್ಯಾಲೆ ಮಾತಾಡ್ಲಿಲ್ಲ."

ಜಲಾಂತರ್ಗಾಮಿಯಲ್ಲಿ ಯಾರೂ ಏನನ್ನೂ ಬಡಿಯುವುದಿಲ್ಲ. ಬಾಗಿಲುಗಳ ಅಂಚಿಗೆ ರಬ್ಬರು, ಕಾಲಿಗೆ ಮೆತ್ತನೆಯ ಬೂಟು. ಆ ಇಪ್ಪತ್ತಾರು ದಿನವೂ ಸದ್ದಾಗದಂತೆ ನೋಡಿಕೊಳ್ಳುವುದೇ ಅವನ ಕೆಲಸವಾಗಿತ್ತು. ಆ ಯಾನದ ಬಗ್ಗೆ ಬಂದ ಮೆಚ್ಚುಗೆಯ ಪತ್ರದಲ್ಲೂ ಅದನ್ನೇ ಬರೆದಿದ್ದರು. ಸಮೀರ ತನ್ನ ಎರಡು ಕೈಗಳನ್ನು ನೋಡಿಕೊಂಡ. ಅವು ಚೊಕ್ಕಟವಾಗಿದ್ದವು, ಎಲ್ಲಿಯೂ ಒಂದು ಗೀರು ಇರಲಿಲ್ಲ.

"ತಿಳೀತಿಲ್ಲೋ?" ಎಂದಳು ಅಕ್ಕ. "ನೀ ಬಡದಿ. ಅವ್ರು ತೆಗೀಲಿಲ್ಲ. ಅವ್ವ ಕೇಳ್ಯಾಳ. ಈಗ ಯಾವನೋ ದಿಲ್ಲಿಯಾಗ ಕೂತು ಬ್ಯಾರೆ ಬರದ್ರ ನಾ ಒಪ್ಪೂದಿಲ್ಲ. ನೀ ಹೇಳಿದ್ರೂ ಒಪ್ಪೂದಿಲ್ಲ."

"ಅಕ್ಕಾ."

"ಅಪೀಲು ಎಷ್ಟ ದಿವಸದಾಗ ಹಾಕಬೇಕು?"

ಅವನು ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ. ಆಕೆ ಕಾಯುತ್ತಿದ್ದಳು. ಆಕೆಗೆ ಕಾಯುವುದು ರೂಢಿಯಿತ್ತು. ಗುತ್ತೆವ್ವ ಈಗ ಬಾಯಿ ಮುಚ್ಚಿಕೊಂಡು, ಮುಚ್ಚಿದ ಕಣ್ಣಿನಲ್ಲೇ ಇವರ ಕಡೆ ಪೂರಾ ತಿರುಗಿದ್ದಳು.

"ಮೂವತ್ತು ದಿನ."

"ಬರಿ. ಈಗ ಬರಿ. ನನ್ನ ಚೀಲದಾಗ ಬಿಳೀ ಹಾಳಿ ಅದಾವು, ನಿಮ್ಮ ಭಾವ ಇದ್ದಾಗಿಂದ ಇಟ್ಗೊಂಡಿರ್ತೀನಿ. ಇಂಗ್ಲಿಷಿನ್ಯಾಗ ಛೊಲೋತ್ನಾಗಿ ಬರಿ, ನಿನ್ನಂಗ ಬರಿಯೋರು ಅವ್ರಿಗೂ ಸಿಗೂದಿಲ್ಲ."

ಹೇಳಬಹುದಾಗಿದ್ದ ಮಾತು ಇನ್ನೂ ಇರಬೇಕು ಎಂದು ಅವನು ಹುಡುಕಿದ. ತಪ್ಪೊಪ್ಪಿಕೊಂಡವನಿಗೆ ಏನು ಸಿಗುತ್ತದೆ ಎಂದು ಇಷ್ಟು ವರ್ಷ ಯೋಚಿಸಿದ್ದ: ಬೈಗುಳ, ಅಳು, ಮುರಿದ ಮಾತು, ಕೊನೆಗೊಮ್ಮೆ ಹೋಗ್ಲಿ ಬಿಡು. ಒಪ್ಪಿಕೊಂಡದ್ದನ್ನು ಹೀಗೆ ಮಡಚಿ ವಾಪಸು ಕೈಯಲ್ಲಿಡುತ್ತಾರೆ ಎಂದು ತೋಚಿರಲಿಲ್ಲ. ಖರೇ ಎನ್ನುವುದು ಅವನಿಗೆ ಬೇಕಾಗಿತ್ತು, ಆಕೆಗಲ್ಲ. ಆಕೆಯ ಬಳಿ ಅವ್ವನ ಸಾವು ಇತ್ತು, ಆ ಬಡಿತ ಕೇಳುತ್ತ ಹೋದ ಸಾವು, ಅದನ್ನು ಕಾಪಾಡಬೇಕಾಗಿತ್ತು.

ಅವನು ಹಾಳೆ ತೆಗೆದು ದವಾಖಾನೆಯ ಫೈಲಿನ ಮೇಲಿಟ್ಟು ಬರೆಯತೊಡಗಿದ. ಮಾನ್ಯರೇ. ತಾವು ಕೊಟ್ಟ ಉತ್ತರದ ಮೂರನೆಯ ಪರಿಚ್ಛೇದ ಸತ್ಯಕ್ಕೆ ದೂರವಾದದ್ದು. ಸದರಿ ಅಧಿಕಾರಿ ಅಂಥ ಇಚ್ಛೆಯನ್ನು ಬರೆದುಕೊಟ್ಟಿರಲಿಲ್ಲ. ಅಕ್ಷರಗಳು ಎಂದಿನಂತೆ ನೆಟ್ಟಗೆ ನಿಂತವು. ಆಕೆ ಒಂದೊಂದು ವಾಕ್ಯ ಹೇಳಿದಳು, ಅವನು ಅದನ್ನು ಕಚೇರಿಯ ಇಂಗ್ಲಿಷಿಗೆ ತಿರುಗಿಸಿದ. ಒಂದೆಡೆ ಆಕೆಯ ವಾದ ಸಡಿಲಾಗಿತ್ತು, ತಾನಾಗಿಯೇ ಒಂದು ಅಂಶ ಸೇರಿಸಿ ಬಿಗಿ ಮಾಡಿದ. ಓದಿ ತೋರಿಸಿದಾಗ ಆಕೆ ತಲೆಯಾಡಿಸಿದಳು.

"ಪದ್ಮಾಬಾಯಿ ಯಾರ್ರಿ? ಒಳಗ ಬರ್ರಿ," ಎಂದು ದುರುಗೇಶ ಬಾಗಿಲಲ್ಲಿ ಕೂಗಿದ.

"ತಡೀಪಾ, ಸಹಿ ಒಂದು ಮಾಡ್ತೀನಿ." ಆಕೆ ಪೆನ್ನು ತೆಗೆದುಕೊಂಡು ಕಣ್ಣು ತೆರೆದಳು. ಔಷಧಕ್ಕೆ ಹಿಗ್ಗಿದ ಕಪ್ಪು ಗುಡ್ಡೆಗಳು ಅವನ ಮುಖದ ಮೇಲೆ ನಿಂತವು, ಏನನ್ನೂ ಹಿಡಿಯಲಿಲ್ಲ. "ಎಲ್ಲಿ ಮಾಡ್ಲಿ? ಕಾಣವಲ್ದು."

ಸಮೀರ ಆಕೆಯ ಬೆರಳು ಹಿಡಿದು ಜಾಗಕ್ಕೆ ಒಯ್ದು ಇಟ್ಟ. "ಇಲ್ಲಿ ಅಕ್ಕಾ," ಎಂದ.